ಬೆಂಗಳೂರಿನಲ್ಲಿ ಕನ್ನಡ ಇಲ್ಲವೇ? ಉಳಿದುಕೊಂಡದ್ದು ಎಲ್ಲಿ, ಮೊದಲು ಅದನ್ನು ಹೇಳಿ!

ಗಡಿಯಾಚೆಯ ಕನ್ನಡ ಶಾಲೆಗಳ ಮಿತ್ರರೇ,

ಶನಿವಾರ-ಭಾನುವಾರದ ಜೊತೆಗೆ ಒಂದು ಸರ್ಕಾರಿ ರಜೆ ಕೂಡಿಬಂದರೆ ಸಾಕು, ನಮ್ಮ ಆದವಾನಿ, ಆಲೂರು, ಹೊಳಗುಂದ, ಕೌತಾಳಂ ಕಡೆಯ ಮನೆಗಳಲ್ಲಿ "ಬೆಂಗಳೂರು ನೋಡಿಕೊಂಡು ಬರೋಣ" ಎಂಬ ಮಾತು ಶುರುವಾಗುತ್ತದೆ. ಹೋಗಬೇಕು, ಬೇಡ ಅನ್ನುವವರು ನಾವಲ್ಲ. ಆದರೆ ಹೋಗಿಬಂದ ಮಕ್ಕಳು ಸೋಮವಾರ ತರಗತಿಯಲ್ಲಿ ಹೇಳುವ ಮಾತು ಕೇಳಿದ್ದೀರಾ? "ಸಾರ್, ಬೆಂಗಳೂರಾಗ ಯಾರೂ ಕನ್ನಡ ಮಾತಾಡಂಗಿಲ್ಲ ಸಾರ್!"

ನಗಬೇಡಿ, ಇದು ನಗುವ ಮಾತಲ್ಲ. ನಮಗೆ ಹೇಳುವ ಮೊದಲೇ ಮಗು ಇದನ್ನು ಮನೆಯಲ್ಲಿ ಹೇಳಿರುತ್ತದೆ. "ಕರ್ನಾಟಕದ ರಾಜಧಾನಿಯಲ್ಲೇ ನಡೆಯದ ಭಾಷೆಯನ್ನು ಆಂಧ್ರದಲ್ಲಿ ಕಲಿತು ಏನು ಮಾಡೋದು?" ಎಂದು ಅಪ್ಪ ಯೋಚಿಸಿರುತ್ತಾರೆ. ಜೂನ್ ತಿಂಗಳಲ್ಲಿ ಅದೇ ಅಪ್ಪ ಟಿ.ಸಿ. ಕೇಳಲು ಆಫೀಸಿನ ಬಾಗಿಲಲ್ಲಿ ನಿಂತಿರುತ್ತಾರೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆ ಮೇಲೂ ನಮ್ಮ ಹಿರಿಯರು ಕನ್ನಡ ಶಾಲೆ ಉಳಿಸಿಕೊಂಡರು. ಪ್ರಾಥಮಿಕ ತರಗತಿಗಳಿಗೆ ಇಂಗ್ಲಿಷ್ ಮಾಧ್ಯಮ ಕಡ್ಡಾಯ ಮಾಡಿ 2019ರ ನವೆಂಬರಿನಲ್ಲಿ ಹೊರಟ ಸರ್ಕಾರಿ ಆದೇಶವನ್ನು 2020ರ ಏಪ್ರಿಲಿನಲ್ಲಿ ಆಂಧ್ರದ ಹೈಕೋರ್ಟ್ ರದ್ದು ಮಾಡಿತು. ಸರಿ, ಆದೇಶವನ್ನು ಕೋರ್ಟು ರದ್ದು ಮಾಡಬಹುದು. ತಂದೆ-ತಾಯಿಯ ಮನಸ್ಸಿನಲ್ಲಿ ಕೂತ "ಬೆಂಗಳೂರಲ್ಲೇ ಕನ್ನಡ ಇಲ್ಲ" ಎಂಬುದನ್ನು ಯಾವ ಕೋರ್ಟು ರದ್ದು ಮಾಡುತ್ತದೆ?

ಹಾಗಾದರೆ ಮಗು ಸುಳ್ಳು ಹೇಳಿತೇ? ಖಂಡಿತ ಇಲ್ಲ. ಕಂಡದ್ದನ್ನೇ ಹೇಳಿದೆ. ತಪ್ಪಿದ್ದು ಎಲ್ಲಿ ಎಂದರೆ, ನಾವು ದೊಡ್ಡವರು ಆರಿಸಿದ ಜಾಗದಲ್ಲಿ. ಹೋಟೆಲ್ ಕೋಣೆಯನ್ನು ಇವತ್ತು ಯಾರು ಆರಿಸುತ್ತಾರೆ, ನೋಡಿ. ಒಂದೋ ಮೊಬೈಲಿನ ಆ್ಯಪ್, ಇಲ್ಲವೇ ಟೂರ್ ಬಸ್ಸಿನ ಏಜೆಂಟ್, ಇಲ್ಲವೇ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮದೇ ನೆಂಟ. ಆ್ಯಪ್ ಕೊಡುವ ನಕ್ಷತ್ರಗಳು ಎ.ಸಿ.ಗೆ, ಬಾತ್‌ರೂಮಿಗೆ, ಬೆಳಗಿನ ತಿಂಡಿಗೆ. ಬಾಗಿಲು ದಾಟಿ ಬೀದಿಗಿಳಿದರೆ ಯಾವ ಭಾಷೆ ಕಿವಿಗೆ ಬೀಳುತ್ತದೆ ಎಂಬುದಕ್ಕೆ ನಕ್ಷತ್ರವಿಲ್ಲ! ಏಜೆಂಟಿಗೆ ಬೇಕಾದ್ದು ಬಸ್ಸು ನಿಲ್ಲಿಸುವ ಜಾಗ. ನೆಂಟನಿಗೆ ಅನುಕೂಲವಾದದ್ದು ಅವನ ಪಿ.ಜಿ. ಇರುವ ಮಾರತ್ತಹಳ್ಳಿ ಅಥವಾ ವೈಟ್‌ಫೀಲ್ಡ್.

ಮಾರತ್ತಹಳ್ಳಿಯಲ್ಲಿ ನಮ್ಮ ಮಗು ಏನು ನೋಡುತ್ತದೆ? ಆಂಧ್ರ ಮೆಸ್ಸು, ತೆಲುಗು ಮಾತು, ಹಿಂದಿ ಮಾತನಾಡುವ ವಾಚ್‌ಮನ್, ಇಂಗ್ಲಿಷ್ ಮಾತನಾಡುವ ಮಾಲ್. ರಾತ್ರಿಯಿಡೀ ರೈಲಿನಲ್ಲಿ ಕೂತು ಗಡಿ ದಾಟಿ, ಕೊನೆಗೆ ತಲುಪಿದ್ದು ಇನ್ನೊಂದು ಆದವಾನಿಗೆ! ತೆಲುಗಿನ ಮೇಲೆ ನಮಗೆ ಜಗಳವಿಲ್ಲ. ಅದು ನಮ್ಮ ಸಂತೆಯ ಮಾತು, ನಮ್ಮಲ್ಲಿ ಎಷ್ಟೋ ಮಂದಿಗೆ ಮನೆಯ ಮಾತೂ ಹೌದು. ಅದನ್ನು ಕೇಳಲು ಬೆಂಗಳೂರಿಗೆ ಹೋಗಬೇಕಾಗಿಲ್ಲ ಅನ್ನುವುದಷ್ಟೇ ನಮ್ಮ ತಕರಾರು.

ಆದ್ದರಿಂದ ನಾವು ಹೇಳುವುದು ಇಷ್ಟೇ: ಮೊದಲು ಬಡಾವಣೆ ಆರಿಸಿ, ಆಮೇಲೆ ಹೋಟೆಲ್ ಹುಡುಕಿ. ಎರಡು ದಿನಕ್ಕೆ ಹೋದವರಿಗೆ ಇಡೀ ಬೆಂಗಳೂರು ಸಿಗುವುದಿಲ್ಲ. ಉಳಿದುಕೊಂಡ ಜಾಗದ ಸುತ್ತಲಿನ ನಾಲ್ಕು ಬೀದಿಯೇ ಅವರಿಗೆ ಬೆಂಗಳೂರು. ಆ ನಾಲ್ಕು ಬೀದಿ ಯಾವುದಾಗಿರಬೇಕು?

ನಮ್ಮ ಉತ್ತರ ಬಸವನಗುಡಿ, ಇಲ್ಲವೇ ಅದರ ಪಕ್ಕದ ಚಾಮರಾಜಪೇಟೆ. ಅಭಿಮಾನದ ಮಾತಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇವೆ. ಮುಂಬೈಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ನಮ್ಮ ಆದವಾನಿಯಲ್ಲಿ ನಿಲ್ಲುತ್ತದೆ. ಶುಕ್ರವಾರ ರಾತ್ರಿ ಹತ್ತಿದರೆ ಶನಿವಾರ ಬೆಳಗ್ಗೆ ಸಂಗೊಳ್ಳಿ ರಾಯಣ್ಣನ ಹೆಸರಿನ ನಿಲ್ದಾಣದಲ್ಲಿ ಇಳಿಯುತ್ತೀರಿ. ಭಾನುವಾರ ರಾತ್ರಿ ಅದೇ ರೈಲು ಹಿಡಿದರೆ ಸೋಮವಾರ ಬೆಳಗಿನೊಳಗೆ ಊರು. ಅಂದರೆ ಹೋಟೆಲಿನಲ್ಲಿ ಮಲಗುವುದು ಒಂದೇ ರಾತ್ರಿ! ಒಂದು ರಾತ್ರಿಯ ಬಾಡಿಗೆಯಲ್ಲಿ ನೂರಿನ್ನೂರು ಉಳಿಸಲು ಊರಾಚೆ ಹೋಗಿ, ಆಮೇಲೆ ಆಟೋಗೆ ಅದರ ಎರಡರಷ್ಟು ಸುರಿಯುವುದು ಯಾವ ಜಾಣತನ?

ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ಮೂರನೆಯದೇ ನ್ಯಾಷನಲ್ ಕಾಲೇಜು. ಅಲ್ಲಿ ಇಳಿದರೆ ಬಸವನಗುಡಿ. ಮುಂದಿನ ನಿಲ್ದಾಣ ಲಾಲ್‌ಬಾಗ್. ಗಾಂಧಿ ಬಜಾರಿನಲ್ಲಿ ಹೂವಿನವರು, ಹಣ್ಣಿನವರು ಕೂಗುವುದು ಕನ್ನಡದಲ್ಲಿ, ಚೌಕಾಸಿ ನಡೆಯುವುದು ಕನ್ನಡದಲ್ಲಿ. ಅದೇ ಬೀದಿಯಲ್ಲಿ 1943ರಿಂದ ದೋಸೆ ಹಾಕುತ್ತಿರುವ ವಿದ್ಯಾರ್ಥಿ ಭವನವಿದೆ, ಕನ್ನಡ ಪುಸ್ತಕದ ಅಂಕಿತ ಮಳಿಗೆಯಿದೆ. ನಮ್ಮ ಪಾಠದಲ್ಲಿ ಬರುವ ಡಿ.ವಿ.ಜಿ. ಇಲ್ಲಿ ಒಂದು ರಸ್ತೆಯ ಹೆಸರು. ಅವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ಸಂಸ್ಥೆಯೂ ಇಲ್ಲೇ ಇದೆ. ಚಾಮರಾಜಪೇಟೆಗೆ ಬಂದರೆ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು. ಅದು ಇರುವ ರಸ್ತೆಗೆ ಪಂಪನ ಹೆಸರು. ಆರ್. ಕಲ್ಯಾಣಮ್ಮನವರು ಮಕ್ಕಳಿಗಾಗಿ ಕಟ್ಟಿದ ಮಕ್ಕಳ ಕೂಟವೂ ಅಲ್ಲೇ ಹತ್ತಿರ. ನಮ್ಮ ಆದವಾನಿಯಲ್ಲಿ ಪಂಪ ಎಂಬ ಹೆಸರು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಅಲ್ಲಿ ಅದನ್ನು ಹೇಳದಿದ್ದರೆ ಆಟೋದವನಿಗೆ ದಾರಿಯೇ ಗೊತ್ತಾಗದು. ಈ ವ್ಯತ್ಯಾಸ ಮಗುವಿಗೆ ತಿಳಿಯಬೇಕೋ ಬೇಡವೋ?

ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ. ಅದರ ಹಿಂದಿನ ಶನಿವಾರ-ಭಾನುವಾರವೇ ಬೀದಿಯ ತುಂಬ ರಾಶಿ ಬೀಳಲು ಶುರು. ಆದವಾನಿಯ ಮಾರುಕಟ್ಟೆಗೆ ಹತ್ತಿ, ಶೇಂಗಾ ಚೀಲ ಬರುವುದನ್ನು ನೋಡಿಯೇ ಬೆಳೆದ ನಮ್ಮ ಹುಡುಗರನ್ನು ಅಲ್ಲಿ ನಿಲ್ಲಿಸಿ. ನಮ್ಮ ಶೇಂಗಾ ಅಲ್ಲಿ ಕಡಲೆಕಾಯಿ ಎಂದು ಗೊತ್ತಾಗುತ್ತದೆ. ಬೆಲೆ ಕೇಳಲಿ, ಹೆಚ್ಚಾಯಿತು ಎಂದು ವಾದಿಸಲಿ. "ಯಾವೂರಪ್ಪ ನಿಂದು?" ಎಂದು ಅಂಗಡಿಯವರು ಕೇಳಿದರೆ "ಆದವಾನಿ" ಎಂದು ಕನ್ನಡದಲ್ಲಿ ಉತ್ತರ ಕೊಡಲಿ. ಯಾವ ಮಾಲಿನಲ್ಲಿ ಇದು ಸಿಗುತ್ತದೆ ಹೇಳಿ?

ಈಗ ಆಕ್ಷೇಪಗಳಿಗೆ ಬರೋಣ.

"ಬಸವನಗುಡಿಯಲ್ಲಿ ಬರೀ ಕನ್ನಡವೇ ಇದೆಯಾ?" ಇಲ್ಲ ಸ್ವಾಮಿ. ಅಲ್ಲಿ ತಮಿಳು, ತೆಲುಗು ಇದೆ, ಚಾಮರಾಜಪೇಟೆಯಲ್ಲಿ ಉರ್ದು ಧಾರಾಳವಾಗಿದೆ. ಆದರೆ ಇಬ್ಬರು ಅಪರಿಚಿತರು ಮಾತು ಶುರು ಮಾಡುವುದು ಹೆಚ್ಚಾಗಿ ಕನ್ನಡದಲ್ಲಿ. ಮಕ್ಕಳು ನೋಡಬೇಕಾದ್ದು ಅದನ್ನೇ.

"ಹೊಸ ಬೆಂಗಳೂರು ನೋಡುವುದು ಬೇಡವೇ?" ಬೇಕು. 2023ರಿಂದ ನೇರಳೆ ಮಾರ್ಗದ ಮೆಟ್ರೋ ವೈಟ್‌ಫೀಲ್ಡ್ ತನಕ ಓಡುತ್ತಿದೆ. ಒಂದು ಮಧ್ಯಾಹ್ನ ಹೋಗಿ ಗಾಜಿನ ಕಟ್ಟಡ ನೋಡಿ ಬನ್ನಿ. ಮಲಗಲು ಮಾತ್ರ ಬಸವನಗುಡಿಗೆ ವಾಪಸ್ ಬನ್ನಿ.

"ಮೆಜೆಸ್ಟಿಕ್ ಸಾಲದೇ?" ರೈಲಿಗೆ ಹತ್ತಿರ, ನಿಜ. ಗಾಂಧಿನಗರದ ಸಪ್ನಾ ಪುಸ್ತಕದಂಗಡಿಯೂ ಸಿಗುತ್ತದೆ. ಆದರೆ ಹೆಣ್ಣುಮಕ್ಕಳನ್ನು ಕರೆದುಕೊಂಡು ರಾತ್ರಿ ಊಟ ಮುಗಿಸಿ ನಾಲ್ಕು ಹೆಜ್ಜೆ ನಡೆಯುವ ನೆಮ್ಮದಿ ಅಲ್ಲಿಲ್ಲ. ನಡೆಯದೆ ಊರು ಗೊತ್ತಾಗುವುದಿಲ್ಲ.

"ಅಷ್ಟು ದೂರ, ಅಷ್ಟು ಖರ್ಚು ನಮ್ಮಿಂದಾಗದು" ಎನ್ನುವವರಿಗೆ ಹೊಸಪೇಟೆ-ಹಂಪಿ ಇದೆ. ಅಲ್ಲೂ ಇದೇ ನಿಯಮ. ರಾತ್ರಿ ಕಮಲಾಪುರದಲ್ಲಿ ಉಳಿದರೆ ಬೆಳಗ್ಗೆ ಬಿಸಿಲೇರುವ ಮೊದಲೇ ಹಂಪಿ ನೋಡಬಹುದು, 1991ರಲ್ಲಿ ಆರಂಭವಾದ ಕನ್ನಡ ವಿಶ್ವವಿದ್ಯಾಲಯಕ್ಕೂ ಹೋಗಿಬರಬಹುದು. ಕನ್ನಡಕ್ಕೇ ಒಂದು ವಿಶ್ವವಿದ್ಯಾಲಯವಿದೆ ಎಂಬುದನ್ನು ಹತ್ತನೇ ತರಗತಿಯ ಮಗು ಕಣ್ಣಾರೆ ಕಾಣಲಿ.

ಹೈದರಾಬಾದೇ ಬೇಕು ಎಂದು ಹಟ ಹಿಡಿದವರು ಕಾಚಿಗುಡದ ಕಡೆ ಕೋಣೆ ಹಿಡಿಯಿರಿ. ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗನ ಹೆಸರಿನ ಕನ್ನಡ ಶಾಲೆಯನ್ನೂ ಮಕ್ಕಳಿಗೆ ತೋರಿಸಿ. ಗಡಿಯಾಚೆ ಕನ್ನಡ ಕಲಿಯುತ್ತಿರುವವರು ತಾವೊಬ್ಬರೇ ಅಲ್ಲ ಎಂದು ಅವರಿಗೆ ಗೊತ್ತಾಗುತ್ತದೆ.

ಇನ್ನು ಕೋಣೆ ಹಿಡಿಯುವವರಿಗೆ ನಾಲ್ಕು ಮಾತು.

1. ಆ್ಯಪಿನಲ್ಲಿ ಫೋಟೋ ನೋಡಿ ದುಡ್ಡು ಕಟ್ಟಬೇಡಿ. ಹೋಟೆಲಿಗೆ ನೇರ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ. ಆಚೆಯಿಂದ ಕನ್ನಡದಲ್ಲಿ ಉತ್ತರ ಬರಲಿಲ್ಲವೋ, ಮುಂದಿನ ಹೋಟೆಲಿಗೆ ಫೋನ್ ಹಚ್ಚಿ. ಮಕ್ಕಳ ಮೊದಲ ಪಾಠ ರಿಸೆಪ್ಷನ್ನಿನಲ್ಲೇ ಶುರುವಾಗುತ್ತದೆ.

2. ಬಾಡಿಗೆ 24 ಗಂಟೆಯ ಲೆಕ್ಕವೋ, ಮಧ್ಯಾಹ್ನ 12ರಿಂದ 12ರ ಲೆಕ್ಕವೋ ಕೇಳಿ. ನಮ್ಮ ರೈಲು ಮುಟ್ಟುವುದು ಬೆಳಗ್ಗೆ. 12ರ ಲೆಕ್ಕದವರು ಎರಡು ದಿನದ ಬಾಡಿಗೆ ಕೇಳಬಹುದು. ಭಾನುವಾರ ಕೋಣೆ ಬಿಟ್ಟ ಮೇಲೆ ಸಾಮಾನು ಇಟ್ಟುಕೊಳ್ಳುತ್ತಾರೋ, ಅದನ್ನೂ ಕೇಳಿ.

3. ಹೇಳಿದ ಬಾಡಿಗೆಯಲ್ಲಿ ಜಿ.ಎಸ್.ಟಿ. ಸೇರಿದೆಯೋ ನೋಡಿ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ. 5 ಮಾತ್ರ. ಮೊದಲಿನಂತೆ ಶೇ. 12 ಹಾಕಿದರೆ ಬಿಲ್ ಕೇಳಿ.

4. ದೊಡ್ಡವರೆಲ್ಲರ ಆಧಾರ್ ಕಾರ್ಡ್ ಜೊತೆಗಿರಲಿ. ಶಾಲೆಯಿಂದ ಹೋಗುವುದಾದರೆ ಮುಖ್ಯೋಪಾಧ್ಯಾಯರ ಪತ್ರ, ಮಕ್ಕಳ ಪಟ್ಟಿ, ಪೋಷಕರ ಒಪ್ಪಿಗೆ ಬೇಕೇ ಬೇಕು.

ಕೊನೆಯದಾಗಿ, ಕರ್ನಾಟಕ ಸರ್ಕಾರಕ್ಕೂ ಒಂದು ಮಾತು. ರಾಜ್ಯೋತ್ಸವದ ವೇದಿಕೆಗಳಲ್ಲಿ "ಗಡಿನಾಡ ಕನ್ನಡಿಗರು ನಮ್ಮವರು" ಎಂಬ ಭಾಷಣ ಪ್ರತಿ ನವೆಂಬರಿನಲ್ಲೂ ಕೇಳುತ್ತೇವೆ. ಶಾಲು-ಹಾರಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದಿಷ್ಟು ತೆಗೆದು, ಬಸವನಗುಡಿಯ ನಡುವೆ ನಲವತ್ತು ಹಾಸಿಗೆಯ ಒಂದು ಸಾದಾ ತಂಗುಮನೆ ಕೊಡಿ. ಆದವಾನಿ, ರಾಯದುರ್ಗ, ಮಡಕಶಿರ, ಕಾಸರಗೋಡು, ಅಕ್ಕಲಕೋಟೆ, ಜತ್ತದ ಮಕ್ಕಳು ವಾರಕ್ಕೊಂದು ಶಾಲೆಯಂತೆ ಬಂದು ಉಳಿದುಹೋಗಲಿ. ಗಡಿ ಪ್ರದೇಶದ ಅಭಿವೃದ್ಧಿಗೆಂದೇ ಒಂದು ಪ್ರಾಧಿಕಾರವಿದೆಯಲ್ಲ, ಅದು ಕೈಹಾಕಬಹುದಾದ ಕೆಲಸ ಇದು. ಪೋಷಕರ ಸಭೆಗಳಲ್ಲಿ ನಿರ್ಣಯ ಮಾಡಿ ಎಲ್ಲ ಕನ್ನಡ ಶಾಲೆಗಳಿಂದಲೂ ಪತ್ರ ಕಳಿಸೋಣ.

ಆ ತಂಗುಮನೆ ಆಗುವವರೆಗೆ ಕಾಯಬೇಕಿಲ್ಲ. ಮುಂದಿನ ಪ್ರವಾಸದ ಸಭೆಯಲ್ಲಿ "ತಲೆಗೆ ಎಷ್ಟು ರೂಪಾಯಿ?" ಎಂದು ಕೇಳುವ ಮೊದಲು "ಯಾವ ಬಡಾವಣೆಯಲ್ಲಿ ಉಳಿಯುತ್ತೇವೆ ಮೇಷ್ಟ್ರೇ?" ಎಂದು ಕೇಳಿ. ಉತ್ತರ ಕೊಡಲಾಗದ ಟೂರಿಗೆ ಮಕ್ಕಳನ್ನು ಕಳಿಸಬೇಡಿ. ಏನಂತೀರಿ?