ಹಾಳೆಯ ಮೇಲಿನ ಊರು

ಕೇಳಿದ ಪ್ರಶ್ನೆಯನ್ನು ಬಿಟ್ಟು ತನಗೆ ತೋಚಿದ ಉತ್ತರವನ್ನು ಬರೆಯುವ ವಿದ್ಯಾರ್ಥಿಗೆ ಸೊನ್ನೆ ದೊರೆಯುವುದು ಲೋಕರೂಢಿ. ಆದರೆ ಅಂತಹ ಉತ್ತರವೊಂದು ಇಟ್ಟಿಗೆ ಗಾರೆಗಳ ರೂಪ ತಾಳಿ, ಅದರಲ್ಲಿ ಸಂಸಾರಗಳು ನೆಲೆಸಿದ ಕಥೆಯೂ ಉಂಟು.

ಫ್ರಾನ್ಸಿನ ಲಿಯಾನ್ ರೇಷ್ಮೆಗೆ ಹೆಸರಾದ ನಗರ. ಅಲ್ಲಿಯ ನೇಕಾರರ ಕೇರಿಯಲ್ಲಿ 1869ರಲ್ಲಿ ಟೋನಿ ಗಾರ್ನಿಯೇ ಜನಿಸಿದನು. ಊರಿನ ಕಲಾಶಾಲೆಯಲ್ಲಿಯೂ ಬಳಿಕ ಪ್ಯಾರಿಸ್ಸಿನಲ್ಲಿಯೂ ವಾಸ್ತುಶಿಲ್ಪವನ್ನು ಅಭ್ಯಸಿಸಿ, ಹಲವು ಬಾರಿ ಸೋತು, ಕೊನೆಗೆ 1899ರಲ್ಲಿ 'ರೋಮ್ ಬಹುಮಾನ'ವನ್ನು ಗೆದ್ದನು. ಅದನ್ನು ಪಡೆದವರು ಸರ್ಕಾರದ ವೆಚ್ಚದಲ್ಲಿ ರೋಮಿನಲ್ಲಿದ್ದು, ಪ್ರಾಚೀನ ಕಟ್ಟಡಗಳ ಅವಶೇಷಗಳನ್ನು ಅಳೆದು, ಚಿತ್ರಿಸಿ, ಪ್ಯಾರಿಸ್ಸಿಗೆ ಕಳುಹಬೇಕಾಗಿದ್ದಿತು. ಗಾರ್ನಿಯೇ ಕಳುಹಿದ್ದಾದರೋ ಇನ್ನೂ ಹುಟ್ಟದಿದ್ದ ಊರೊಂದರ ನಕ್ಷೆಯನ್ನು! ಹಿರಿಯರು ಮುನಿದರು. ಅವನು ಟಸ್ಕುಲಮ್ ಎಂಬ ಪುರಾತನ ಪಟ್ಟಣದ ಚಿತ್ರವನ್ನು ಬರೆದು ಅವರ ಋಣವನ್ನು ತೀರಿಸಿದನು. ತನ್ನ ಊರನ್ನು ಮಾತ್ರ ಬಿಡಲಿಲ್ಲ.

ಅದು 35,000 ಜನರು ಬಾಳುವ ಕೈಗಾರಿಕಾ ನಗರ. ಹೊಳೆಗೆ ಅಣೆಕಟ್ಟು, ಅದರ ವಿದ್ಯುತ್ತಿನಿಂದ ಕಾರ್ಖಾನೆ. ಕಾರ್ಖಾನೆಗೂ ಮನೆಗಳಿಗೂ ನಡುವೆ ಹಸುರು. ನಿವೇಶನದಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟಕೂಡದು. ಉಳಿದುದು ಬೇಲಿಯಿಲ್ಲದ ತೋಟ, ಎಲ್ಲರೂ ನಡೆದಾಡಬಹುದು. ಚಳಿಯ ಆ ನಾಡಿನಲ್ಲಿ ಬಿಸಿಲು ಬರುವುದು ದಕ್ಷಿಣದಿಂದ. ಆದುದರಿಂದ ಪ್ರತಿಯೊಂದು ಮಲಗುವ ಕೋಣೆಗೂ ಆ ದಿಕ್ಕಿಗೆ ಒಂದು ಕಿಟಕಿಯಾದರೂ ಇರಲೇಬೇಕು. ಕತ್ತಲೆಯ ಓಣಿಗಳಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದವನಿಗೆ ಬಿಸಿಲಿನ ಬೆಲೆ ತಿಳಿದಿದ್ದಿತು. ಸೆರೆಮನೆ, ನ್ಯಾಯಾಲಯಗಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಸಮಾಜ ನ್ಯಾಯವಾಗಿ ನಡೆದರೆ ಅವುಗಳ ಗೊಡವೆ ಏತಕ್ಕೆ ಎಂಬುದು ಅವನ ನಂಬಿಕೆ.

ಈ ಚಿತ್ರಗಳು 1904ರಲ್ಲಿ ಪ್ರದರ್ಶನ ಕಂಡು, 1917ರಲ್ಲಿ ಗ್ರಂಥವಾದುವು. ಅಷ್ಟರಲ್ಲಿ, 1905ರಲ್ಲಿ ಲಿಯಾನಿನ ಮೇಯರಾಗಿದ್ದ ಎಡ್ವಾರ್ ಎರಿಯೋ ತನ್ನ ಊರಿನ ಈ ಕನಸುಗಾರನಿಗೆ ಕೆಲಸ ಕೊಟ್ಟಿದ್ದನು. ಕಸಾಯಿಖಾನೆ, ಕ್ರೀಡಾಂಗಣ, ಆಸ್ಪತ್ರೆಗಳು ಒಂದೊಂದಾಗಿ ಎದ್ದುವು. 1934ರ ವೇಳೆಗೆ ಕಾರ್ಮಿಕರಿಗಾಗಿ ಒಂದು ಬಡಾವಣೆಯೂ ಸಿದ್ಧವಾಯಿತು. ಆದರೆ ಕನಸಿಗೂ ಖರ್ಚಿನ ಪುಸ್ತಕಕ್ಕೂ ಎಂದು ತಾಳೆಯಾದೀತು? ಅವನು ಬಯಸಿದ್ದಕ್ಕಿಂತ ಅಂತಸ್ತುಗಳು ಹೆಚ್ಚಾದುವು.

1948ರಲ್ಲಿ ಗಾರ್ನಿಯೇ ತೀರಿಕೊಂಡನು. ಮನೆಗಳೂ ಬರಬರುತ್ತ ಬಣ್ಣಗೆಟ್ಟವು. 1980ರ ದಶಕದಲ್ಲಿ ಜೀರ್ಣೋದ್ಧಾರದ ಮಾತು ಬಂದಾಗ, ಅಲ್ಲಿನ ಬಾಡಿಗೆದಾರರೇ ಮುಂದಾಗಿ ಬಡಾವಣೆಗೆ ಹೊಸ ಕಳೆ ಬರಲೆಂದು ಹಂಬಲಿಸಿದರು. ಇಂದು ಆ ಎತ್ತರದ ಗೋಡೆಗಳ ಮೇಲೆ, ರೋಮಿನಲ್ಲಿ ಕುಳಿತು ಆ ವಿದ್ಯಾರ್ಥಿ ಬರೆದ ಊರಿನ ಚಿತ್ರಗಳು ಬಿಸಿಲಿನಲ್ಲಿ ಬೆಳಗುತ್ತಿವೆ.

ಅಂಕ ಕೊಡಲು ಗುರುಗಳು ಹಿಂಜರಿದರು. ಕಿಟಕಿಯಲ್ಲಿ ಬಿಸಿಲು ಕಂಡವರು ಕೊಟ್ಟರು.