ಡಾಲ್ಫಿನ್ ನೋಡಲು ಹೊರಟಿರಾ?

ರಜೆ ಬಂತೆಂದರೆ ಮಕ್ಕಳಿಗೆ ಸಮುದ್ರ ಬೇಕು. ಸಮುದ್ರ ಕಂಡಮೇಲೆ ದೋಣಿ ಬೇಕು. ದೋಣಿ ಹತ್ತಿದಮೇಲೆ ಡಾಲ್ಫಿನ್ನೂ ಬೇಕು! ಕಾರವಾರದ ಕಡೆ ಹೊರಟ ಸೋದರಿಯರಿಗೆ ಉಪಯೋಗವಾದೀತೆಂದು ನಾಲ್ಕು ಮಾತು ಬರೆಯುತ್ತಿದ್ದೇನೆ.

ಕಾಳಿ ನದಿ ಸಮುದ್ರ ಸೇರುವ ಜಾಗ, ದೇವಬಾಗ, ಕೂರ್ಮಗಡ ದ್ವೀಪ, ಈ ಸುತ್ತಿನಲ್ಲೇ ಅವು ಕಾಣುವುದು. ಬೆನ್ನ ಮೇಲೆ ಡುಬ್ಬವಿರುವ ಬೂದುಬಣ್ಣದ ಜಾತಿ. ದಡದ ಹತ್ತಿರ, ಹೆಚ್ಚು ಆಳವಿಲ್ಲದ ನೀರಿನಲ್ಲೇ ಮೀನು ಹಿಡಿದು ಬದುಕುತ್ತವೆ. ಮಳೆಗಾಲ ಇದಕ್ಕೆ ಸಲ್ಲದು. ನವೆಂಬರಿನಿಂದ ಫೆಬ್ರವರಿಯವರೆಗೆ, ಗಾಳಿ ಏಳುವ ಮುಂಚೆ, ಬೆಳಗ್ಗೆ ಹೋಗುವುದು ಒಳ್ಳೆಯದು.

ತಿಮಿಂಗಿಲ ಮಾತ್ರ ಇಲ್ಲಿ ಅದೃಷ್ಟವಿದ್ದವರಿಗೆ. ದೊಡ್ಡ ತಿಮಿಂಗಿಲಗಳಿಗೆ ಆಳದ ನೀರು ಬೇಕು, ನಮ್ಮ ಕರಾವಳಿಯಲ್ಲಿ ಅದು ಬಲು ದೂರ. ಶ್ರೀಲಂಕಾದ ಮಿರಿಸ್ಸಾದಲ್ಲಿ ಆಳ ದಡಕ್ಕೆ ಹತ್ತಿರ. ಹಾಗಾಗಿ ಅಲ್ಲಿ ಲೋಕದ ಅತಿ ದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲವನ್ನೂ ದೋಣಿಯಲ್ಲಿ ಹೋಗಿ ನೋಡಿ ಬರುತ್ತಾರೆ.

ಖಾಲಿ ಹೊಟ್ಟೆಯಲ್ಲಿ ದೋಣಿ ಹತ್ತಬೇಡಿ, ಹೊಟ್ಟೆ ಬಿರಿಯ ತಿಂದೂ ಹತ್ತಬೇಡಿ. ಎರಡು ಇಡ್ಲಿ ಸಾಕು. ಹಸಿಶುಂಠಿಯನ್ನು ಸಣ್ಣಗೆ ಹೆಚ್ಚಿ, ಉಪ್ಪು, ನಿಂಬೆರಸ ಬೆರೆಸಿ ಪುಟ್ಟ ಡಬ್ಬಿಯಲ್ಲಿಟ್ಟುಕೊಳ್ಳಿ. ಹೊಟ್ಟೆ ತೊಳಸಿದರೆ ಒಂದು ಚೂರು ಬಾಯಿಗೆ ಹಾಕಿಕೊಂಡು ದೂರದ ದಿಗಂತ ನೋಡುತ್ತಿರಿ. ಸೀರೆಯುಟ್ಟವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಲೈಫ್ ಜಾಕೆಟ್ ಕಟ್ಟಿಕೊಳ್ಳಿ. ಮಕ್ಕಳಿಗೆ ಅವರ ಅಳತೆಯದ್ದೇ ಕೇಳಿ ಹಾಕಿಸಿ. ತಿಂಡಿಯ ಪ್ಲಾಸ್ಟಿಕ್ ಚೀಲ ನೀರಿಗೆ ಹಾರದಂತೆ ನೋಡಿಕೊಳ್ಳಿ.

ಇನ್ನು ಮುಖ್ಯ ಮಾತು. ಡಾಲ್ಫಿನ್ ಮೀನಲ್ಲ, ನಮ್ಮ ಹಾಗೆ ಹಾಲೂಡಿಸುವ ಜೀವ. ಸುಮಾರು ಒಂದು ವರ್ಷ ಹೊತ್ತು ಒಂದೇ ಮರಿ ಹಡೆಯುತ್ತದೆ. ಮರಿ ಅಮ್ಮನ ಪಕ್ಕ ಬಿಡದೆ ಈಜುತ್ತದೆ, ಉಸಿರಾಡಲು ಜೊತೆಯಲ್ಲೇ ಮೇಲೆ ಬರುತ್ತದೆ. ನೀರೊಳಗೆ ಅವುಗಳಿಗೆ ಕಣ್ಣಿಗಿಂತ ಕಿವಿಯೇ ಆಸರೆ. ತಾವೇ ಶಬ್ದ ಹೊರಡಿಸಿ, ಅದರ ಮರುದನಿ ಕೇಳಿ ಮೀನೆಲ್ಲಿದೆ ಅಂತ ತಿಳಿಯುತ್ತವೆ. ನಾಲ್ಕು ದೋಣಿ ಇಂಜಿನ್ ಗುಡುಗಿಸುತ್ತ ಸುತ್ತುವರಿದರೆ ಆ ತಾಯಿಯ ಗತಿ ಏನು? ಬಾಣಂತಿ ಕೋಣೆಗೆ ವಾಲಗದವರು ನುಗ್ಗಿದ ಹಾಗಲ್ಲವೇ!

ನಾವು ಹೋದಾಗ ಪಕ್ಕದ ದೋಣಿಯವರೊಬ್ಬರು, "ದುಡ್ಡು ಕೊಟ್ಟಿಲ್ವೇನಯ್ಯಾ? ಹತ್ತಿರ ಬಿಡು!" ಅಂತ ಕೂಗುತ್ತಲೇ ಇದ್ದರು. ನಮ್ಮ ದೋಣಿಯ ಹುಡುಗ ಮೆಲ್ಲಗೆ ಅಂದ: "ಅಕ್ಕಾ, ಇಂಜಿನ್ ನಿಲ್ಸಿದ್ರೆ ಅವೇ ಹತ್ರ ಬರ್ತಾವೆ. ಆದ್ರೆ ಕಾಯೋರು ಯಾರು?" ನಾವು ಕಾಯ್ತೇವೆ ಅಂದೆವು. ಹತ್ತು ನಿಮಿಷ ಬರೀ ನೀರು. ಆಮೇಲೆ 'ಫುಸ್' ಅಂತ ಉಸಿರಿನ ಸದ್ದು, ದೊಡ್ಡದೊಂದು ಬೆನ್ನು, ಅದಕ್ಕಂಟಿಕೊಂಡೇ ಪುಟ್ಟದೊಂದು. ಮಕ್ಕಳು ಕೂಗುವುದನ್ನೂ ಮರೆತರು.

1972ರ ವನ್ಯಜೀವಿ ಕಾಯ್ದೆ ಡಾಲ್ಫಿನ್‌ಗಳಿಗೆ ರಕ್ಷಣೆ ಕೊಟ್ಟಿದೆ. ಈ ಡುಬ್ಬದ ಜಾತಿಯಂತೂ ಅಳಿವಿನಂಚಿನ ಪಟ್ಟಿಯಲ್ಲಿದೆ. ಆದರೆ ನಡುನೀರಿನಲ್ಲಿ ಕಾಯ್ದೆ ನೋಡಿಕೊಳ್ಳುವವರು ಯಾರು? ದೋಣಿಯವರದು ಹೊಟ್ಟೆಪಾಡು; ಗಿರಾಕಿ ಹೇಳಿದಂತೆ ಓಡಿಸುತ್ತಾರೆ. ಗಿರಾಕಿ ನಾವೇ ತಾನೇ? ಹತ್ತುವ ಮುಂಚೆಯೇ ಹೇಳಿಬಿಡಿ: "ಬೆನ್ನಟ್ಟಬೇಡಪ್ಪಾ, ದೂರ ನಿಲ್ಲಿಸಿ ಇಂಜಿನ್ ಆರಿಸು, ಅಡ್ಡ ಹೋಗಬೇಡ." ಹಾಗೆ ಕಾದು ನಿಂತೂ ಡಾಲ್ಫಿನ್ ಕಾಣದೇ ಹೋದರೆ ಬಾಡಿಗೆಯಲ್ಲಿ ಚೌಕಾಸಿ ಮಾಡದೆ ಪೂರ್ತಿ ಕೊಟ್ಟು ಬನ್ನಿ. ಮುಂದಿನ ದೋಣಿಯವರಿಗೂ ಅವನು ನಿಧಾನವಾಗಿಯೇ ತೋರಿಸಿಯಾನು.