ಕಬ್ಬಿನ ಗದ್ದೆ ಗುಡ್ಡವಾದಾಗ

ಮಗನನ್ನೋ ಮಗಳನ್ನೋ ಡ್ರೋನ್ ತರಬೇತಿಗೆ ಸೇರಿಸಬಹುದೇ ಎಂದು ಪಾಲಕರು ಕೇಳುವುದುಂಟು. ಧಾರಾಳವಾಗಿ ಸೇರಿಸಿ. 2021ರ ಡ್ರೋನ್ ನಿಯಮಗಳ ಪ್ರಕಾರ 18 ವರ್ಷ ತುಂಬಿ, ಹತ್ತನೆಯ ತರಗತಿ ಪಾಸಾದವರು ತರಬೇತಿ ಮುಗಿಸಿ ಪೈಲಟ್ ಪ್ರಮಾಣಪತ್ರ ಪಡೆಯಬಹುದು. ಆದರೆ ಹಾರಿಸುವುದು ಅರ್ಧ ಗಂಟೆಯ ಕೆಲಸ. ಡ್ರೋನ್ ತಂದ ಚಿತ್ರಗಳಿಂದ ನೆಲದ ಏರಿಳಿತದ ಗೆರೆ ಎಳೆದು, ಆ ಗೆರೆಯನ್ನು ಎಷ್ಟು ನಂಬಬಹುದೆಂದು ಹೇಳುವುದೇ ನಿಜವಾದ ವಿದ್ಯೆ.

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಜಿಗಿಯುತ್ತದೆ, ದೂರದ ಗೋಡೆ ಅಷ್ಟಾಗಿ ಜಿಗಿಯುವುದಿಲ್ಲ. ಡ್ರೋನ್ ಮಾಡುವುದೂ ಇದನ್ನೇ. ಒಂದರ ಮೇಲೊಂದು ಮುಕ್ಕಾಲು ಭಾಗ ಹೊದ್ದುಕೊಳ್ಳುವಂತೆ ನೂರಾರು ಫೋಟೊ ತೆಗೆಯುತ್ತದೆ. ಯಾವ ಬಿಂದು ಎಷ್ಟು ಜಿಗಿಯಿತೆಂದು ನೋಡಿ ಕಂಪ್ಯೂಟರ್ ಅದರ ಎತ್ತರವನ್ನು ಲೆಕ್ಕ ಹಾಕುತ್ತದೆ. ಆ ಎತ್ತರಗಳ ಮೇಲೆ ಒಂದು ಗೆರೆ ಎಳೆದು, ನೆಲವನ್ನು ಕೇಕಿನಂತೆ ಕತ್ತರಿಸಿ ಪಕ್ಕದಿಂದ ನೋಡಿದರೆ ಸಿಗುವುದೇ ಪ್ರೊಫೈಲ್.

ಎಡವಟ್ಟು ಶುರುವಾಗುವುದು ಇಲ್ಲೇ. ಕ್ಯಾಮೆರಾ ನೋಡುವುದು ಮೇಲ್ಮೈಯನ್ನು, ಮಣ್ಣನ್ನಲ್ಲ. ಮಂಡ್ಯದ ಕಡೆ ಕಾಲುವೆಯೊಂದು ಕಿಲೋಮೀಟರಿಗೆ 1 ಮೀಟರ್ ಇಳಿಯುತ್ತದೆ ಎನ್ನಿ. ಪಕ್ಕದಲ್ಲಿ ಬೆಳೆದು ನಿಂತ ಕಬ್ಬು 2-3 ಮೀಟರ್ ಎತ್ತರ! ಪ್ರೊಫೈಲ್ ಕಬ್ಬಿನ ಗದ್ದೆಯ ಮೇಲೆ ಹಾದರೆ ಬಯಲಿನಲ್ಲಿ ಗುಡ್ಡ ಏಳುತ್ತದೆ, ನೀರು ಮೇಲಕ್ಕೆ ಹತ್ತಬೇಕಾಗುತ್ತದೆ. ಇದನ್ನು ನಂಬಿ ಕಾಲುವೆ ತೋಡಿದರೆ ಕೊನೆಯ ಗದ್ದೆಯ ರೈತನ ಗತಿ ಏನು? ಕಟಾವಾದ ಮೇಲೆ ಹಾರಿಸುವುದು ಅಗ್ಗದ ಉಪಾಯ. ಲೇಸರ್ ಕಿರಣ ಬಿಟ್ಟು ಎಲೆಗಳ ಸಂದಿನಿಂದ ನೆಲ ಮುಟ್ಟುವ ಲೈಡಾರ್ ಉಪಕರಣವೂ ಉಂಟು, ಬೆಲೆ ಮಾತ್ರ ದುಬಾರಿ.

ಇನ್ನೊಂದು ಪ್ರಶ್ನೆ: ಎತ್ತರ ಎಂದರೆ ಎಲ್ಲಿಂದ? ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತು ಎನ್ನುವಾಗ ಅದು ಸಮುದ್ರದಿಂದ ಅಳೆದದ್ದಲ್ಲ, ಅಣೆಕಟ್ಟೆಯದೇ ಸೊನ್ನೆಯಿಂದ ಅಳೆದದ್ದು. ರೈಲು ನಿಲ್ದಾಣದ ಹಳದಿ ಫಲಕದಲ್ಲಿರುವುದು ಸಮುದ್ರ ಮಟ್ಟದಿಂದ. 1909ರಲ್ಲಿ ಭಾರತಕ್ಕೆ ಆ ಮಟ್ಟವನ್ನು ನಿಗದಿ ಮಾಡಲು ಆಧಾರವಾದ ಒಂಬತ್ತು ಬಂದರುಗಳಲ್ಲಿ ನಮ್ಮ ಕಾರವಾರವೂ ಒಂದು. ಜಿಪಿಎಸ್ಸಿಗೋ ಸಮುದ್ರದ ಗೊಡವೆಯೇ ಇಲ್ಲ. ಭೂಮಿಯನ್ನು ಧ್ರುವಗಳಲ್ಲಿ ತುಸು ಚಪ್ಪಟೆಯಾದ ನುಣುಪು ಗೋಳವೆಂದು ಭಾವಿಸಿ ಅಲ್ಲಿಂದ ಅಳೆಯುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವಾಕರ್ಷಣೆ ಕೊಂಚ ದುರ್ಬಲವಾದ್ದರಿಂದ ಅಲ್ಲಿ ಕಡಲ ಮಟ್ಟವೇ ಆ ಗೋಳಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಆ ತಗ್ಗು ನಮ್ಮವರೆಗೂ ಚಾಚಿದೆ. ಹಾಗಾಗಿ ತಿದ್ದದ ಜಿಪಿಎಸ್ ಎತ್ತರ ಬೆಂಗಳೂರಿನಲ್ಲಿ ಸಮುದ್ರ ಮಟ್ಟದ ಲೆಕ್ಕಕ್ಕಿಂತ ಸುಮಾರು 85 ಮೀಟರ್ ಕಡಿಮೆ. ಒಂದೇ ಪ್ರೊಫೈಲಿನೊಳಗೆ ಇದರಿಂದ ತೊಂದರೆಯಿಲ್ಲ, ಇಡೀ ಗೆರೆ ಒಟ್ಟಿಗೇ ಕೆಳಗಿಳಿದಿರುತ್ತದೆ. ಹಳೆಯ ಸರ್ವೆ ನಕ್ಷೆಯ ಅಂಕಿಗಳ ಜೊತೆ ಜೋಡಿಸಿದಿರೋ, ಕೆಟ್ಟಿತು.

ಕ್ಯೂಜಿಐಎಸ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. 2022ರಿಂದ ಅದರಲ್ಲೇ ಪ್ರೊಫೈಲ್ ಎಳೆಯುವ ಸಲಕರಣೆ ಇದೆ. ಎಳೆದ ಮೇಲೆ ಎರಡೂ ಅಕ್ಷಗಳ ಅಳತೆ ನೋಡಿ; ಎತ್ತರವನ್ನು ಹತ್ತು ಪಟ್ಟು ಹಿಗ್ಗಿಸಿದ್ದರೆ ಸಾದಾ ಇಳಿಜಾರೂ ಪ್ರಪಾತದಂತೆ ಕಾಣುತ್ತದೆ. ಶಾಲೆಯ ಮೈದಾನದ್ದೇ ಪ್ರೊಫೈಲ್ ಸಿಕ್ಕರೆ ಇನ್ನೂ ಒಳ್ಳೆಯದು. ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪನ್ನು ಒಂದು ಭಾನುವಾರ ಕಡ ತನ್ನಿ. ಅದೇ ಗೆರೆಯಲ್ಲಿ ನಡೆದು, ಐದು ಕಡೆ ಅಳೆದು, ಕಂಪ್ಯೂಟರ್ ಹೇಳಿದ್ದರ ಜೊತೆ ಹೋಲಿಸಿ.